ಆನ್‌ಲೈನ್ ವಂಚನೆ: ಅದರ ಬಗೆಗಳು ಮತ್ತು ಗ್ರಾಮ ಪಂಚಾಯಿತಿ ಸದಸ್ಯರು ವಹಿಸಬೇಕಾದ ಎಚ್ಚರಿಕೆ

2023ರಲ್ಲಿ ಬೆಂಗಳೂರು, ಮಂಗಳೂರು ಸೇರಿದಂತೆ ರಾಜ್ಯದ ಹಲವೆಡೆ, ಆಸ್ತಿ ನೋಂದಣಿ ಮಾಡಿಸಿಕೊಂಡಿದ್ದ ಕೆಲವರ ಬ್ಯಾಂಕ್ ಖಾತೆಗಳಿಂದ ಹಣ ಮಾಯವಾಯಿತು. ಅವರು ಯಾರಿಗೂ ಒಟಿಪಿ ತಿಳಿಸಿರಲಿಲ್ಲ. ಯಾವ ಲಿಂಕನ್ನೂ ಒತ್ತಿರಲಿಲ್ಲ. ನೋಂದಾಯಿತ ದಸ್ತಾವೇಜುಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ವಿವರಗಳನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲಾಗಿದೆ ಎಂಬುದು ಪೊಲೀಸ್ ತನಿಖೆಯಲ್ಲಿ ಕಂಡುಬಂದಿತು.

ಆನ್‌ಲೈನ್ ವಂಚನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಮನೆಯೊಡೆಯನಿಗೆ ತಿಳಿಯದಂತೆ ಬೀಗ ತೆರೆಯುವುದು. ಎರಡನೆಯದು ಅವನನ್ನೇ ನಂಬಿಸಿ ಬೀಗದ ಕೈ ಪಡೆಯುವುದು. ಇವೆರಡಕ್ಕೂ ಬೇಕಾದ ಎಚ್ಚರಿಕೆಗಳು ಬೇರೆ ಬೇರೆ.

ತಿಳಿಯದಂತೆ ನಡೆಯುವ ಕಳವು

ಬ್ಯಾಂಕ್ ದೂರವಿರುವ ಊರುಗಳಲ್ಲಿ ಪಿಂಚಣಿ, ಕೂಲಿ ಹಣ ಸುಲಭವಾಗಿ ದೊರೆಯಲೆಂದು ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ರೂಪುಗೊಂಡಿತು. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇಷ್ಟಿದ್ದರೆ ಸಾಕು, ಒಟಿಪಿ ಬೇಕಿಲ್ಲ. ಈ ಅನುಕೂಲವೇ ವಂಚಕರಿಗೂ ದಾರಿಯಾಗಿದೆ. ಆದುದರಿಂದ ಆಧಾರ್ ಪ್ರಾಧಿಕಾರದ ಜಾಲತಾಣ ಅಥವಾ ಅದರ ಅಧಿಕೃತ ಆ್ಯಪ್ ಮೂಲಕ ಬೆರಳಚ್ಚನ್ನು ಲಾಕ್ ಮಾಡಿಸಿಕೊಳ್ಳುವುದು ಸೂಕ್ತ. ಲಾಕ್ ಆಗಿರುವಾಗ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳಚ್ಚು ಹೊಂದಾಣಿಕೆಯಾಗುವುದಿಲ್ಲ. ಪಡಿತರ ಪಡೆಯುವ ಮುನ್ನ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಬೇಕು. ಈ ಮಾತನ್ನು ವೃದ್ಧರಿಗೂ ಲೈನ್‌ಮನೆಗಳ ಕಾರ್ಮಿಕರಿಗೂ ಮೊದಲೇ ತಿಳಿಸದಿದ್ದರೆ ಎಚ್ಚರಿಕೆಯೇ ತೊಂದರೆಯಾಗುತ್ತದೆ. ಆಧಾರ್ ಪ್ರತಿ ನೀಡಬೇಕಾದಲ್ಲಿ, ಪೂರ್ಣ ಸಂಖ್ಯೆ ಕಡ್ಡಾಯವಲ್ಲದಿದ್ದರೆ, ಕೊನೆಯ 4 ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನು ನೀಡಬಹುದು.

ನಂಬಿಸಿ ಮಾಡುವ ವಂಚನೆ

ಕೊಡಗಿನಲ್ಲಿ ಸೈನ್ಯದ ಮೇಲೆ ವಿಶೇಷ ಗೌರವವಿದೆ. ಸೇನಾಧಿಕಾರಿಯೆಂದು ಹೇಳಿಕೊಂಡು ಹೋಂಸ್ಟೇ ಕಾಯ್ದಿರಿಸುವ ವಂಚಕ, ಮುಂಗಡ ಕಳುಹಿಸುವ ನೆಪದಲ್ಲಿ ಕ್ಯೂಆರ್ ಕೋಡ್ ಕಳುಹಿಸಿ ಪಿನ್ ಒತ್ತಲು ಹೇಳುತ್ತಾನೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು. ಪಡೆಯಲು ಪಿನ್ ಬೇಕಿಲ್ಲ. ಇದೊಂದು ನಿಯಮ ನೆನಪಿದ್ದರೆ ಇಂತಹ ವಂಚನೆ ನಡೆಯದು.

ನಿವೃತ್ತ ಯೋಧರಿಗೆ ಜೀವಿತ ಪ್ರಮಾಣಪತ್ರ ನವೀಕರಣದ ನೆಪದಲ್ಲಿ ಕರೆ ಬರಬಹುದು. ಪಿಂಚಣಿ ಇಲಾಖೆಯಾಗಲಿ ಬ್ಯಾಂಕಾಗಲಿ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಪಿಎಂ ಕಿಸಾನ್, ವಾಹನ ದಂಡ, ಮದುವೆ ಆಮಂತ್ರಣ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಕಡತವನ್ನು ತೆರೆದು ಸ್ಥಾಪಿಸಿದರೆ, ಅದು ಮೊಬೈಲಿಗೆ ಬರುವ ಒಟಿಪಿಗಳನ್ನು ವಂಚಕರಿಗೆ ರವಾನಿಸಬಲ್ಲದು.

ಮಕ್ಕಳು ಹೊರಊರಿನಲ್ಲಿದ್ದು ತೋಟದ ಮನೆಯಲ್ಲಿ ಒಂಟಿಯಾಗಿರುವ ಹಿರಿಯರು "ಡಿಜಿಟಲ್ ಅರೆಸ್ಟ್" ವಂಚನೆಗೆ ಸುಲಭ ಗುರಿ. ವಿಡಿಯೊ ಕರೆಯಲ್ಲಿ ಬಂಧಿಸುವ ಅವಕಾಶ ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. ಪ್ರಧಾನಮಂತ್ರಿಯವರು 2024ರ ಅಕ್ಟೋಬರ್ 27ರ "ಮನ್ ಕಿ ಬಾತ್" ಭಾಷಣದಲ್ಲಿ ಇದನ್ನೇ ಸ್ಪಷ್ಟಪಡಿಸಿದ್ದರು. ಅಂತಹ ಕರೆಯನ್ನು ಕಡಿತಗೊಳಿಸಿ ಮನೆಯವರಿಗೆ ಅಥವಾ ವಾರ್ಡಿನ ಸದಸ್ಯರಿಗೆ ತಿಳಿಸುವುದೇ ಸರಿಯಾದ ಕ್ರಮ.

ಪಂಚಾಯಿತಿ ಕಚೇರಿಯೊಳಗೆ

ಇ-ಗ್ರಾಮ ಸ್ವರಾಜ್ ಮೂಲಕ ನಡೆಯುವ ಪಾವತಿಗೆ ಡಿಜಿಟಲ್ ಸಹಿ ಅಗತ್ಯ. ಅಧ್ಯಕ್ಷರು ತಮ್ಮ ಸಹಿಯ ಸಾಧನವನ್ನೂ ಪಾಸ್‌ವರ್ಡನ್ನೂ ಅನುಕೂಲಕ್ಕೆಂದು ಬೇರೊಬ್ಬರ ವಶಕ್ಕೆ ಕೊಡುವುದು, ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟಂತೆಯೇ ಸರಿ. ಫಲಾನುಭವಿಗಳ ಆಧಾರ್ ಹಾಗೂ ಪಾಸ್‌ಪುಸ್ತಕದ ಪ್ರತಿಗಳನ್ನು ಬೀಗವಿರುವ ಕಪಾಟಿನಲ್ಲಿಡಬೇಕು. ಫಲಾನುಭವಿ ಪಟ್ಟಿಯನ್ನು ಆಧಾರ್ ಸಂಖ್ಯೆಯೊಡನೆ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬಾರದು.

ಹಣ ಹೋದಾಗ ಮಾಡಬೇಕಾದುದು

ವಂಚಕರು ಹಣವನ್ನು ಒಂದು ಖಾತೆಯಿಂದ ಮತ್ತೊಂದಕ್ಕೆ ಶೀಘ್ರವಾಗಿ ದಾಟಿಸಿ, ಕೊನೆಗೆ ನಗದಾಗಿ ತೆಗೆಯುತ್ತಾರೆ. ಅಷ್ಟರೊಳಗೆ ತಡೆದರೆ ಮಾತ್ರ ಹಣ ಉಳಿಯುತ್ತದೆ. ಆದುದರಿಂದ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಖಾತೆ ಸಂಖ್ಯೆ, ವ್ಯವಹಾರದ ಸಂಖ್ಯೆ, ಮೊತ್ತ, ಸಮಯ ಸಿದ್ಧವಿರಲಿ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಮಡಿಕೇರಿಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬಹುದು. ಸಂದೇಶಗಳನ್ನು ಅಳಿಸಬಾರದು, ಅವೇ ಸಾಕ್ಷ್ಯ.

ಬ್ಯಾಂಕಿಗೂ ಲಿಖಿತವಾಗಿ ತಿಳಿಸುವುದು ಅಗತ್ಯ. ರಿಸರ್ವ್ ಬ್ಯಾಂಕಿನ 2017ರ ನಿರ್ದೇಶನದಂತೆ, ಗ್ರಾಹಕರ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋದಲ್ಲಿ, ಬ್ಯಾಂಕಿನ ಸಂದೇಶ ದೊರೆತ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟದ ಹೊಣೆ ಇರುತ್ತಿರಲಿಲ್ಲ. ಒಟಿಪಿ ಅಥವಾ ಪಿನ್ ತಾವೇ ಕೊಟ್ಟಿದ್ದಲ್ಲಿ, ಅದೇ ನಿರ್ದೇಶನದಂತೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದೇ ಆಗಿತ್ತು. ತಿಳಿಸಿದ ನಂತರದ್ದು ಬ್ಯಾಂಕಿನದಾಗಿತ್ತು.

ಹಲವರು ನಾಚಿಕೆಯಿಂದ ದೂರು ನೀಡುವುದೇ ಇಲ್ಲ. ಆ ಮೌನದಲ್ಲಿಯೇ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಮೋಸ ಹೋದವರು ಮೊದಲು ಬರುವುದು ಬಹುಮಟ್ಟಿಗೆ ವಾರ್ಡಿನ ಸದಸ್ಯರ ಬಳಿಗೆ. "ಏಕೆ ಕೊಟ್ಟಿರಿ" ಎಂದು ಕೇಳುವ ಮುನ್ನ 1930ಕ್ಕೆ ಕರೆ ಮಾಡಿಸುವುದು ಸದಸ್ಯರ ಮೊದಲ ಕೆಲಸವಾಗಲಿ. ಕಮಿಷನ್ ಆಸೆಗೆ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಡುವ ಯುವಕರೂ ಅಪರಾಧದಲ್ಲಿ ಸಿಲುಕುತ್ತಾರೆಂಬುದನ್ನು ಪೋಷಕರಿಗೆ ತಿಳಿಸಬೇಕು.

ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯಕ್ಕೆ ಹದಿನೈದು ನಿಮಿಷ ಮೀಸಲಿಟ್ಟು, ಪಂಚಾಯಿತಿ ಕಚೇರಿ, ನ್ಯಾಯಬೆಲೆ ಅಂಗಡಿ ಮತ್ತು ಸಹಕಾರ ಸಂಘದ ಗೋಡೆಗಳ ಮೇಲೆ 1930 ಎಂದು ದೊಡ್ಡದಾಗಿ ಬರೆಸುವುದು ಪ್ರತಿ ಪಂಚಾಯಿತಿಗೂ ಸಾಧ್ಯವಿರುವ ಕಾರ್ಯ.