ಮುಟ್ಟುಗೋಲಾದ ಶೇರು: ತಕರಾರು ಯಾರ ಮುಂದೆ?



ಕಳೆದ ದೀಪಾವಳಿಗೆ ಹುಟ್ಟೂರು ಬೆಳವಣಕಿಗೆ ಹೋದಾಗ ನಮ್ಮ ಕಾಕಾ ಒಂದು ಲಕೋಟೆ ತಂದು ಮುಂದಿಟ್ಟರು. ಕಂಪನಿಯೊಂದರ ಶೇರಿಗೆ ಅರ್ಧ ಹಣ ಕಟ್ಟಿದ್ದರು. ಉಳಿದ ಕಂತಿನ ಕರೆ ಬಂದದ್ದು ಅವರಿಗೆ ತಿಳಿಯಲೇ ಇಲ್ಲ. ಶೇರು ಮುಟ್ಟುಗೋಲಾಯಿತೆಂಬ ಕಾಗದ ಮಾತ್ರ ತಲುಪಿತ್ತು. “ತಮ್ಮಾ, ರೋಣದ ಕೋರ್ಟಿನ್ಯಾಗ ದಾವಾ ಹಾಕಲೇನು?” ಎಂದು ಕೇಳಿದರು. ನಮ್ಮ ಸದಸ್ಯರಲ್ಲಿಯೂ ಕಂಪನಿ ಶೇರು ಕೊಂಡವರಿರುವುದರಿಂದ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಂಪನಿಯ ಅಂತರ್ನಿಯಮಗಳಲ್ಲಿ ಅವಕಾಶವಿದ್ದರೆ ಮಾತ್ರ ಶೇರನ್ನು ಮುಟ್ಟುಗೋಲು ಹಾಕಬಹುದು. 2013ರ ಕಂಪನಿ ಕಾಯಿದೆಯ ಮಾದರಿ ನಿಯಮಗಳಂತೆ ಬಾಕಿದಾರನಿಗೆ ಮೊದಲು ನೋಟೀಸು ಕೊಡಬೇಕು. ಅದು ತಲುಪಿದಂದಿನಿಂದ ಹಣ ಕಟ್ಟಲು ಕನಿಷ್ಠ 14 ದಿನಗಳ ಗಡುವಿರಬೇಕು. ಕಟ್ಟದಿದ್ದರೆ ಶೇರು ಮುಟ್ಟುಗೋಲಾದೀತೆಂದು ಅದರಲ್ಲಿ ಬರೆದಿರಬೇಕು. ಬಳಿಕ ನಿರ್ದೇಶಕ ಮಂಡಳಿಯ ಠರಾವಾಗಬೇಕು. ಇವುಗಳಲ್ಲಿ ಲೋಪವಾಗಿದ್ದರೆ ಪ್ರಶ್ನಿಸಬಹುದು. ಶೇರು ಹೋದರೂ ಅಂದಿನ ಬಾಕಿಯ ಹೊಣೆ ಮಾತ್ರ ತಪ್ಪುವುದಿಲ್ಲವೆಂಬುದನ್ನು ನೆನಪಿಡಬೇಕು.

ಆದರೆ ಪ್ರಶ್ನಿಸುವ ಜಾಗ ರೋಣದ ಕೋರ್ಟಲ್ಲ. 1956ರ ಕಾಯಿದೆಯಲ್ಲಿ ಈ ಅಧಿಕಾರ ಮೊದಲು ಹೈಕೋರ್ಟಿಗಿತ್ತು. 1991ರಲ್ಲಿ ಕಂಪನಿ ಕಾನೂನು ಮಂಡಳಿಗೆ ಹೋಯಿತು. 2016ರ ಜೂನ್ 1ರಿಂದ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಬಂದಿದೆ. ಸಾಕಷ್ಟು ಕಾರಣವಿಲ್ಲದೆ ಸದಸ್ಯರ ರಿಜಿಸ್ಟರಿನಿಂದ ಹೆಸರು ತೆಗೆದರೆ 59ನೆಯ ಕಲಮಿನಡಿ ಅಲ್ಲಿ ಅರ್ಜಿ ಹಾಕಬೇಕು. ನ್ಯಾಯಮಂಡಳಿ ತೀರ್ಮಾನಿಸಬಲ್ಲ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲವೆಂದು 430ನೆಯ ಕಲಮು ಹೇಳುತ್ತದೆ. 2019ರಲ್ಲಿ ಶಶಿಪ್ರಕಾಶ ಖೇಮ್ಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಕಂಪನಿಯ ನೋಂದಾಯಿತ ಕಚೇರಿ ಕರ್ನಾಟಕದಲ್ಲಿದ್ದರೆ ಬೆಂಗಳೂರು ಪೀಠ. ಬೇರೆಡೆ ಇದ್ದರೆ ಅಲ್ಲಿನ ಪೀಠ. ಆದೇಶ ಒಪ್ಪಿಗೆಯಾಗದಿದ್ದರೆ 45 ದಿನಗಳೊಳಗೆ ಮೇಲ್ಮನವಿ ಸಲ್ಲಿಸತಕ್ಕದ್ದು.

ತೀರಿಕೊಂಡವರ ಶೇರು ಮಕ್ಕಳಲ್ಲಿ ಯಾರಿಗೆ ಸೇರಬೇಕೆಂಬ ವಾರಸಾ ಜಗಳ ಬೇರೆ. ಅದು ಸಿವಿಲ್ ಕೋರ್ಟಿಗೇ ಸೇರಿದ್ದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸತತ 7 ವರ್ಷ ಲಾಭಾಂಶ ಪಡೆಯದ ಶೇರು ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತದೆ. ಅದು ಮುಟ್ಟುಗೋಲಲ್ಲ, ನಿಧಿಯ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಮರಳಿ ಪಡೆಯಬಹುದು.

ಇನ್ನು ನಮ್ಮ ಸಹಕಾರ ಸಂಘಗಳ ಮಾತು. 1905ರಲ್ಲಿ ಸಿದ್ದನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಸೀಮೆ ನಮ್ಮದು. ಆದರೂ ಸಂಘವನ್ನೂ ಕಂಪನಿಯನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. 1959ರ ಕರ್ನಾಟಕ ಕಾಯಿದೆಯಡಿ ನೋಂದಾಯಿಸಿದ ಸಂಘದಲ್ಲಿ ಆಡಳಿತ, ವ್ಯವಹಾರ ಕುರಿತ ತಕರಾರು 70ನೆಯ ಕಲಮಿನಂತೆ ಸಹಕಾರ ಸಂಘಗಳ ರಿಜಿಸ್ಟ್ರಾರರ ಮುಂದೆ ಹೋಗುತ್ತದೆ. ಅಡಿಕೆ ಬೆಳೆಗಾರರ ಕ್ಯಾಂಪ್ಕೊದಂಥ ಬಹುರಾಜ್ಯ ಸಂಘವಾದರೆ 2002ರ ಕಾಯಿದೆಯ 84ನೆಯ ಕಲಮಿನಂತೆ ಪಂಚಾಯ್ತಿದಾರರ ಮುಂದೆ.

ಕಾಕಾನ ಲಕೋಟೆಯ ಮೇಲೆ ಕಂಪನಿಯ ವಿಳಾಸ ಮುಂಬಯಿಯದು. ನಾವು ಮೊದಲು ಕೇಳಿದ್ದು ನೋಟೀಸು ಕಳಿಸಿದ ಪುರಾವೆ ಮತ್ತು ಠರಾವಿನ ಪ್ರತಿ. ನೀವೂ ಹಾಗೆಯೇ ಮಾಡಿರಿ. ಲಕೋಟೆಯನ್ನು ಎಸೆಯಬೇಡಿರಿ, ಅಂಚೆ ಮುದ್ರೆಯ ತಾರೀಖೇ ನಾಳೆ ಸಾಕ್ಷಿ. ವಿಳಾಸ ಬದಲಾದರೆ ಕಂಪನಿಗೆ ತಿಳಿಸಿರಿ. ತಪ್ಪು ಬಾಗಿಲು ತಟ್ಟುತ್ತ ಕಳೆದ ದಿನಗಳನ್ನು ಯಾವ ಕೋರ್ಟೂ ಸುಲಭವಾಗಿ ಮರಳಿ ಕೊಡುವುದಿಲ್ಲ.

— ಕಾರ್ಯದರ್ಶಿ