ಹಡಗಿನ ಕೆಲಸ: ಜಿಮ್‌ಗಿಂತ ಮೊದಲು ನಿದ್ದೆ

ಊರಿನಿಂದ ಮುಂಬಯಿಗೆ ಬಂದು, ಸಿಡಿಸಿ, ಮೆಡಿಕಲ್, ವೀಸಾ ಎಂದು ಓಡಾಡಿ ಕ್ರೂಸ್ ಹಡಗು ಹತ್ತುವ ಕರಾವಳಿಯ ಹುಡುಗರು ನಮ್ಮ ನಡುವೆ ಇದ್ದಾರೆ. ಮನೆಯವರು ನೋಡುವುದು ಈಜುಕೊಳದ, ದೀಪಾಲಂಕಾರದ ಫೋಟೊಗಳನ್ನು. ಅವರ ಬದುಕು ನಡೆಯುವುದು ಹೆಚ್ಚಾಗಿ ಕೆಳಗಿನ ಡೆಕ್‌ಗಳಲ್ಲಿ, ಕಿಟಕಿಯಿಲ್ಲದ ಸಣ್ಣ ಕ್ಯಾಬಿನ್‌ಗಳಲ್ಲಿ. ವಾರದ ರಜೆ ಎಂಬುದು ಸಾಮಾನ್ಯವಾಗಿ ಇಲ್ಲ. ಒಪ್ಪಂದ ಮುಗಿಯುವ ತನಕ ಎಷ್ಟೋ ತಿಂಗಳು ಹೀಗೆಯೇ.

ಫಿಟ್ ಆಗಿರುವುದೆಂದರೆ ಜಿಮ್ ನೆನಪಾಗುತ್ತದೆ. ದೊಡ್ಡ ಹಡಗುಗಳಲ್ಲಿ ಸಿಬ್ಬಂದಿಗೆಂದೇ ಜಿಮ್ ಇರುತ್ತದೆ, ನಿಜ. ಆದರೆ ದಿನವಿಡೀ ಟ್ರೇ ಹೊತ್ತು, ಹಾಸಿಗೆ ಎತ್ತಿ ಹಾಸಿ ಬಂದವನಿಗೆ ಮೊದಲು ಬೇಕಾದದ್ದು ಡಂಬೆಲ್ ಅಲ್ಲ, ನಿದ್ದೆ. 2006ರ ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಡಂಬಡಿಕೆಯನ್ನು ಭಾರತ 2015ರಲ್ಲಿ ಅನುಮೋದಿಸಿತು. ಅದರ ವಿಶ್ರಾಂತಿಯ ಲೆಕ್ಕ ಹೀಗಿದೆ: 24 ಗಂಟೆಗಳಲ್ಲಿ ಕನಿಷ್ಠ 10, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ. ಆ ಹತ್ತನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ. ಒಂದು ತುಂಡಾದರೂ 6 ಗಂಟೆಯದ್ದಿರಬೇಕು. ಇದರ ದಾಖಲೆಗೆ ಕೆಲಸಗಾರನ ಸಹಿ ಬೇಕು, ಪ್ರತಿಯೂ ಅವನ ಕೈಗೆ ಬರಬೇಕು. ಮಾಡಿದ ಗಂಟೆ ಒಂದು, ಬರೆದದ್ದು ಇನ್ನೊಂದು ಆಗಿದ್ದರೆ ಸುಮ್ಮನೆ ಸಹಿ ಹಾಕಬಾರದು. ಮೇಲಿನವರ ಎದುರು ಹೀಗೆ ನಿಲ್ಲುವುದು ಸುಲಭವಲ್ಲ. ಆದರೂ ತನ್ನ ಗಂಟೆಗಳನ್ನು ಸಣ್ಣ ಡೈರಿಯಲ್ಲಿ ಬರೆದಿಟ್ಟವನಿಗೆ ದೂರು ಕೊಡಲು ಒಂದು ಆಧಾರವಾದರೂ ಇರುತ್ತದೆ.

ಊಟ ಪುಕ್ಕಟೆ, ಅದೇ ತೊಂದರೆ. ನಡುರಾತ್ರಿ ಡ್ಯೂಟಿ ಮುಗಿಸಿ ಕರಿದದ್ದನ್ನು ತಟ್ಟೆ ತುಂಬ ಹಾಕಿಕೊಂಡು ಹಾಗೆಯೇ ಮಲಗಿದರೆ ಹೊಟ್ಟೆ ಬೆಳೆಯದೆ ಇನ್ನೇನು? ಡ್ಯೂಟಿಗೆ ಮೊದಲೇ ಚೆನ್ನಾಗಿ ಉಂಡು, ಬಂದ ಮೇಲೆ ಹಗುರಾಗಿ ತಿನ್ನುವುದು ಒಳ್ಳೆಯದು. ಬಂದರಿನಲ್ಲಿ ಬಿಡುವು ಸಿಕ್ಕರೆ ಮೊಬೈಲ್ ಹಿಡಿದು ಕೂರದೆ ಅರ್ಧ ಗಂಟೆ ಬಿಸಿಲಲ್ಲಿ ನಡೆಯಿರಿ. ಹಡಗಿನಲ್ಲಿ ಬೇಗ ಹರಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಸಾಲದು, ಸಾಬೂನು ಹಚ್ಚಿ ಕೈ ತೊಳೆಯಲೇಬೇಕು.

ಹೊರಡುವ ಮೊದಲಿನ ವೈದ್ಯಕೀಯ ಪರೀಕ್ಷೆಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ ಮುಚ್ಚಿಡುವವರಿದ್ದಾರೆ. ಕೆಲಸ ಕೈತಪ್ಪೀತೆಂಬ ಹೆದರಿಕೆ ಅರ್ಥವಾಗುವಂಥದ್ದೇ. ಆದರೆ ನಡುಗಡಲಲ್ಲಿ ಎದೆನೋವು ಬಂದರೆ ಹಡಗಿನ ಸಣ್ಣ ದವಾಖಾನೆಯೇ ಗತಿ. ನಿತ್ಯದ ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ಒಯ್ಯಿರಿ.

ಮನೆಯವರಿಗೂ ಒಂದು ಮಾತು. ನಮ್ಮ ಬೆಳಗಿನ ಹತ್ತು ಗಂಟೆ ಎಂದರೆ ಬಾರ್ಬಡೋಸ್‌ನಲ್ಲಿ ನಡುರಾತ್ರಿ ಹನ್ನೆರಡೂವರೆ. ಮಗನ ಡ್ಯೂಟಿ ವೇಳೆ ಕೇಳಿಟ್ಟುಕೊಂಡು ಆಮೇಲೆ ಫೋನ್ ಮಾಡಿ.