ಏರಿ ಯಾರದು, ಹೊಣೆ ಯಾರದು?

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ವಾಕಿಂಗ್ ಮಾಡುವವರಲ್ಲಿ ಬಹಳ ಮಂದಿಗೆ ತಾವು ನಡೆಯುತ್ತಿರುವುದು ಒಂದು ಅಣೆಕಟ್ಟಿನ ಮೇಲೆ ಎಂಬುದು ಹೊಳೆಯುವುದಿಲ್ಲ. ಅಣೆಕಟ್ಟು ಎಂದ ಕೂಡಲೇ ನಮಗೆ ನೆನಪಾಗುವುದು ಕನ್ನಂಬಾಡಿ. ಆದರೆ ಹಳ್ಳಕ್ಕೆ ಅಡ್ಡಲಾಗಿ ಮಣ್ಣು ಸುರಿದು, ದಮ್ಮಸು ಮಾಡಿ, ನೀರಿನ ಕಡೆಗೆ ಕಲ್ಲು ಹೊದಿಸಿದ ಕೆರೆ ಏರಿಯೂ ಅಣೆಕಟ್ಟೇ. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಈ ಕೆರೆಯ ವಿಸ್ತಾರ ಸುಮಾರು 62 ಹೆಕ್ಟೇರ್. ಅಷ್ಟು ಜಾಗದಲ್ಲಿ ಬರೀ ಒಂದು ಮೀಟರ್ ನೀರು ನಿಂತರೂ 62 ಕೋಟಿ ಲೀಟರ್ ಆಗುತ್ತದೆ.

ಈ ಕೆರೆ ಮೈಸೂರು ವಿಶ್ವವಿದ್ಯಾನಿಲಯದ್ದು. ಊರಿನ ಇನ್ನೊಂದು ಕಡೆಯ ಕಾರಂಜಿ ಕೆರೆ ಮೃಗಾಲಯದ ಸುಪರ್ದಿಯಲ್ಲಿದೆ. ಪಾಠ ಹೇಳುವುದು ಒಬ್ಬರ ಕಸುಬು, ಪ್ರಾಣಿ ಸಾಕುವುದು ಇನ್ನೊಬ್ಬರದು. ಏರಿ ಕಾಯುವುದು ಇಬ್ಬರದೂ ಮೂಲ ಕಸುಬಲ್ಲ. ರಾಜ್ಯದ ಎಸ್ಟೇಟುಗಳಲ್ಲಿ, ರೆಸಾರ್ಟುಗಳಲ್ಲಿ, ಕಾರ್ಖಾನೆ ಆವರಣಗಳಲ್ಲಿ ಇರುವ ಖಾಸಗಿ ಕಟ್ಟೆಗಳ ಪಾಡೂ ಇದೇ.

ಮಣ್ಣಿನ ಏರಿ ಒಡೆಯುವ ಬಗೆಗಳು ಹೆಚ್ಚಿಲ್ಲ. ಮೊದಲನೆಯದು ಕೋಡಿಯಿಂದ ಬರುವಂಥದ್ದು. ಕೋಡಿಗೆ ಕಸ, ಹೂಳು ಕಟ್ಟಿಕೊಂಡರೆ, ಮೀನು ಹೋಗದಿರಲೆಂದು ಯಾರಾದರೂ ಅಡ್ಡ ಕಟ್ಟಿದರೆ, ಜೋರು ಮಳೆಯಲ್ಲಿ ನೀರು ಏರಿ ದಾಟಿ ಹರಿಯುತ್ತದೆ. ಮಣ್ಣು ಅದನ್ನು ತಡೆಯಲಾರದು. ಹೊರಮೈ ಕೊರೆದು ಕೆಲವೇ ಗಂಟೆಗಳಲ್ಲಿ ಕಂದಕ ಬೀಳುತ್ತದೆ. ಎರಡನೆಯದು ಒಳಗಿನ ಕೊರೆತ. ಪ್ರತಿ ಏರಿಯಲ್ಲೂ ನೀರು ಒಸರುತ್ತದೆ, ಅದು ಸಹಜ. ಒಸರುವ ನೀರು ತಿಳಿಯಾಗಿದ್ದರೆ ಗಾಬರಿ ಬೇಡ. ಕದಡಿ ಬಂದರೆ ಅದು ಏರಿಯ ಮಣ್ಣನ್ನೇ ಹೊತ್ತು ತರುತ್ತಿದೆ ಎಂದರ್ಥ. ಹೆಗ್ಗಣದ ಬಿಲ, ಏಡಿ ತೂತು, ಹಳೆಯ ತೂಬಿನ ಪಕ್ಕದ ಸಂದು, ಇವು ಆ ನೀರಿಗೆ ದಾರಿ. ಮರದ ಬೇರೂ ಹಾಗೆಯೇ: ಬದುಕಿರುವಾಗ ಮಣ್ಣು ಹಿಡಿಯುವ ಬೇರು ಸತ್ತು ಕೊಳೆತ ಮೇಲೆ ಟೊಳ್ಳು ಕೊಳವೆಯಾಗುತ್ತದೆ. ಆದ್ದರಿಂದ ಏರಿ ಮೇಲಿನ ದೊಡ್ಡ ಮರವನ್ನು ಅವಸರದಲ್ಲಿ ಕಡಿದು ಬೊಡ್ಡೆ ಬಿಡುವುದೂ ಅಪಾಯವೇ. ಅದು ಎಂಜಿನಿಯರ್ ನಿಂತು ಮಾಡಿಸಬೇಕಾದ ಕೆಲಸ.

ಕದಡಿದ ನೀರು ಕಂಡರೆ ಹೊರಗಿನಿಂದ ಜೇಡಿ ಮೆತ್ತಿ ತೂತು ಮುಚ್ಚಲು ಹೋಗಬಾರದು. ಮುಚ್ಚಿದರೆ ನೀರು ಪಕ್ಕದಲ್ಲಿ ಇನ್ನೊಂದು ದಾರಿ ಹುಡುಕುತ್ತದೆ. ಒಸರುವ ಜಾಗದ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ದಪ್ಪ ಜಲ್ಲಿ ಹಾಕಿ, ಸುತ್ತ ಮರಳು ಚೀಲ ಜೋಡಿಸುತ್ತಾರೆ. ನೀರು ಹೊರಗೆ ಬರಬೇಕು, ಮಣ್ಣು ಒಳಗೇ ಉಳಿಯಬೇಕು.

ಸಂಸ್ಥೆಯೊಂದರ ಕಟ್ಟೆ ಒಡೆದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಇದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಟೊಕೋವಾ ಎಂಬಲ್ಲಿ ಒಂದು ಬೈಬಲ್ ಕಾಲೇಜಿಗೆ ಸೇರಿದ ಕೆಲ್ಲಿ ಬಾರ್ನ್ಸ್ ಎಂಬ ಮಣ್ಣಿನ ಕಟ್ಟೆ ಇತ್ತು. ಎತ್ತರ ಸುಮಾರು 12 ಮೀಟರ್, ಉದ್ದ ಸುಮಾರು 120 ಮೀಟರ್. ವಿದ್ಯುತ್ ಉತ್ಪಾದನೆ 1957ರಲ್ಲೇ ನಿಂತಿದ್ದರಿಂದ ಅದು ಬರೀ ನೋಟದ ಕೆರೆಯಾಗಿ ಉಳಿದಿತ್ತು. 1973ರ ಫೋಟೋ ಒಂದರಲ್ಲಿ ಹೊರಮೈಯ ಮಣ್ಣು ಜಾರಿರುವುದು ಕಾಣುತ್ತದೆ. ಕೆಲವು ದಿನಗಳ ಮಳೆಯ ನಂತರ 1977ರ ನವೆಂಬರ್ 6ರ ನಸುಕಿನಲ್ಲಿ, ಕೆಳಗಿನ ಕ್ಯಾಂಪಸ್ ನಿದ್ದೆಯಲ್ಲಿದ್ದಾಗ, ಕಟ್ಟೆ ಒಡೆಯಿತು. 39 ಮಂದಿ ಸತ್ತರು. ಜಾರ್ಜಿಯಾ ಅಣೆಕಟ್ಟು ಸುರಕ್ಷತಾ ಕಾಯ್ದೆ ತಂದದ್ದು ಆಮೇಲೆ, 1978ರಲ್ಲಿ.

ನಮ್ಮಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದದ್ದು 2021ರಲ್ಲಿ. ಮಾಲೀಕರು ಸರ್ಕಾರವಾಗಲಿ ಕಂಪನಿಯಾಗಲಿ, ಮುಂಗಾರಿಗೆ ಮೊದಲು ಮತ್ತು ಆಮೇಲೆ ತಪಾಸಣೆ ನಡೆಸಬೇಕು, ತುರ್ತು ಯೋಜನೆ ಸಿದ್ಧವಿಡಬೇಕು ಎನ್ನುತ್ತದೆ. ಒಳ್ಳೆಯ ಕಾನೂನು. ಆದರೆ ಅದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ ಅನ್ವಯ. 10ರಿಂದ 15 ಮೀಟರ್ ಎತ್ತರದವು ಒಳಗೆ ಬರಬೇಕಾದರೆ ಕನಿಷ್ಠ 500 ಮೀಟರ್ ಉದ್ದ, ಇಲ್ಲವೇ 10 ಲಕ್ಷ ಘನ ಮೀಟರ್ ಸಂಗ್ರಹದಂಥ ಷರತ್ತುಗಳಲ್ಲಿ ಒಂದಾದರೂ ಹೊಂದಬೇಕು. 10 ಮೀಟರಿಗಿಂತ ಕೆಳಗಿನವು ಪೂರ್ತಿ ಹೊರಗೆ. ನಮ್ಮ ಬಹುಪಾಲು ಕೆರೆ ಏರಿಗಳು ಈ ಸಾಲಿನವು. ಕೆಲ್ಲಿ ಬಾರ್ನ್ಸ್ ಒಡೆದಾಗ ಅದರಲ್ಲಿದ್ದ ನೀರು ಎಂಟು ಲಕ್ಷ ಘನ ಮೀಟರಿಗೂ ಕಡಿಮೆ. ಎತ್ತರ, ಉದ್ದ, ಸಂಗ್ರಹದ ಈ ಅಳತೆಗಳಲ್ಲಿ 39 ಜನರನ್ನು ಕೊಂದ ಆ ಕಟ್ಟೆ ನಮ್ಮ ಕಾನೂನಿನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಕುಕ್ಕರಹಳ್ಳಿ ಏರಿಗೆ ಅಪಾಯ ಬಂದಿದೆ ಎಂದು ನಾನು ಹೇಳುತ್ತಿಲ್ಲ. ಎತ್ತರ ಕಡಿಮೆಯಿದ್ದಷ್ಟೂ ನೀರಿನ ರಭಸವೂ ಕಡಿಮೆ. ಆದರೆ ಏರಿಯ ಕೆಳಗೆ ಯಾರಿದ್ದಾರೆ ಎಂಬುದನ್ನು ಎತ್ತರದ ಲೆಕ್ಕ ಕೇಳುವುದಿಲ್ಲ. ಹಿಂದೆ ಕೆರೆ ಕೆಳಗೆ ಗದ್ದೆ ಬಯಲು ಇರುತ್ತಿತ್ತು. ಏರಿ ಒಡೆದರೆ ಬೆಳೆ ಹೋಗುತ್ತಿತ್ತು. ಈಗ ಅಚ್ಚುಕಟ್ಟಿನಲ್ಲೇ ಬಡಾವಣೆಗಳು ಎದ್ದಿವೆ. ಬೆಂಗಳೂರಿನ ಹುಳಿಮಾವು ಕೆರೆ ಏರಿ 2019ರ ನವೆಂಬರ್ 24ರಂದು ಒಡೆದಾಗ ನೂರಾರು ಮನೆಗಳಿಗೆ ನೀರು ನುಗ್ಗಿತು. ಹಳ್ಳಿಗಳಲ್ಲಿ ನೀರುಗಂಟಿ ಏರಿ ಮೇಲೆ ಓಡಾಡಿ ತೂಬು, ಕೋಡಿ ನೋಡುತ್ತಿದ್ದ. ನಗರದ ಕೆರೆಗೆ ಬೇಲಿ, ಬೆಂಚು, ದೀಪ ಬಂದವು, ನೀರುಗಂಟಿಯ ಜಾಗ ಖಾಲಿಯಾಯಿತು.

ಬ್ರಿಟನ್ನಿನಲ್ಲಿ 1925ರ ಡಾಲ್ಗಾರಗ್ ಅಣೆಕಟ್ಟು ದುರಂತದ ಬಳಿಕ 1930ರಲ್ಲೇ ಕಾನೂನು ಮಾಡಿದರು. ಇಂದು ಇಂಗ್ಲೆಂಡಿನಲ್ಲಿ ನೆಲಮಟ್ಟಕ್ಕಿಂತ ಮೇಲೆ 25,000 ಘನ ಮೀಟರ್ ನೀರು ಹಿಡಿದಿಡುವ ಖಾಸಗಿ ಜಲಾಶಯವೂ ನೋಂದಣಿಗೆ ಒಳಪಡುತ್ತದೆ. ನಮಗೂ ಅಂಥದ್ದೊಂದು ಸಣ್ಣ ಕಟ್ಟೆಗಳ ಪಟ್ಟಿ ಬೇಕು. ಅದು ಬರುವ ತನಕ ಕೆರೆಯಿರುವ ಸಂಸ್ಥೆಗಳು ಮುಂಗಾರಿಗೆ ಮೊದಲೊಮ್ಮೆ, ಹಿಂಗಾರು ಮುಗಿದ ಮೇಲೊಮ್ಮೆ ಸಿವಿಲ್ ಎಂಜಿನಿಯರ್ ಒಬ್ಬರಿಂದ ಏರಿ ನೋಡಿಸಿ, ವರದಿಯನ್ನು ಕೆರೆಯ ಗೇಟಿನಲ್ಲೇ ತೂಗುಹಾಕಲಿ. ಏರಿ ಮೇಲೆ ನಡೆಯುವ ನೀವೂ ಆಗಾಗ ಹೊರಮೈಯ ಬುಡ ನೋಡಿ. ಹೊಸ ಒಸರು, ಕದಡಿದ ನೀರು, ಜಾರಿದ ಮಣ್ಣು, ಉದ್ದ ಬಿರುಕು ಕಂಡರೆ ಫೋಟೋ ತೆಗೆದು ಅಂದೇ ಕೆರೆಯ ಮಾಲೀಕರಿಗೂ ಪಾಲಿಕೆಗೂ ತಿಳಿಸಿ.